ಓದುಗರ ಪ್ರಶ್ನೆ: ವೃತ್ತದ ಮೂರ್ತಿ, ಕೆರೆ ಏರಿಯ ಕಲ್ಲು

ಪ್ರಶ್ನೆ: ಭಾನುವಾರ ಮಕ್ಕಳನ್ನು ಮೈಸೂರಿಗೆ ಕರೆತಂದು ಬೀದಿಯ ಪ್ರತಿಮೆಗಳನ್ನಷ್ಟೇ ತೋರಿಸುವ ಆಸೆ. ಎಲ್ಲಿಂದ ಹೊರಡಬೇಕು? (ಮಂಡ್ಯ)

ಉತ್ತರ: ಬೆಳಿಗ್ಗೆ ಏಳೂವರೆಗೆಲ್ಲ ಚಿಕ್ಕ ಗಡಿಯಾರದ ಬುಡದಲ್ಲಿರಿ. ತಡವಾದರೆ ಗಾಡಿಗಳ ಗದ್ದಲ ಒಂದು ಕಡೆ. ಬಿಸಿಲು ನೆತ್ತಿಗೇರಿ ಮಂಟಪದೊಳಗಿನ ಮುಖಗಳು ಕಪ್ಪಾಗುವುದು ಇನ್ನೊಂದು ಕಡೆ. ದೇವರಾಜ ಮಾರುಕಟ್ಟೆಯ ಪಕ್ಕದಲ್ಲೇ ದಕ್ಷಿಣಕ್ಕೆ ನಡೆದರೆ ಕೆ.ಆರ್. ವೃತ್ತ, ಅಲ್ಲಿ ನಾಲ್ವಡಿಯವರ ಅಮೃತಶಿಲೆಯ ಮೂರ್ತಿ. ಎಡಕ್ಕೆ ತಿರುಗಿದರೆ ಚಾಮರಾಜ ವೃತ್ತ. ಹತ್ತಿರದಲ್ಲೇ 1927ರ ದೊಡ್ಡ ಗಡಿಯಾರ, 75 ಅಡಿ ಎತ್ತರ. ಅದರ ಕನ್ನಡ ಅಂಕಿಗಳನ್ನು ಮಕ್ಕಳಿಂದ ಓದಿಸಿ. ಮುಂದಕ್ಕೆ ಹಾರ್ಡಿಂಜ್ ವೃತ್ತದಲ್ಲಿ ಜಯಚಾಮರಾಜರು.

ರಸ್ತೆ ದಾಟಿ ಪೀಠದ ಬುಡಕ್ಕೆ ಹೋಗುವ ಹಟ ಬೇಡ. ಎತ್ತರದ ಪೀಠದ ಮೂರ್ತಿಯನ್ನು ಬುಡದಲ್ಲಿ ನಿಂತು ನೋಡಿದರೆ ಮೂಗಿನ ಹೊಳ್ಳೆ, ಗಲ್ಲ ಮಾತ್ರ ಕಾಣುತ್ತವೆ. ಪೀಠ ಸೇರಿದ ಒಟ್ಟು ಎತ್ತರದ ಎರಡರಷ್ಟು ದೂರದಲ್ಲಿ ನಿಂತರೆ ಅಳತೆ ಸರಿಯಾಗಿ ಕಾಣುತ್ತದೆ, ಆ ದೂರ ಹೆಚ್ಚುಕಡಿಮೆ ಫುಟ್‌ಪಾತಿಗೇ ಬರುತ್ತದೆ. ಮೊಬೈಲಿನಲ್ಲಿ ತೆಗೆಯುವಾಗ ಎರಡರಷ್ಟು ಜೂಮ್ ಇಟ್ಟುಕೊಳ್ಳಿ. ಹಿಂದೆ ಬೆಳ್ಳಗಿನ ಆಕಾಶವಿದ್ದರೆ ಪರದೆಯಲ್ಲಿ ಮೂರ್ತಿಯ ಮುಖದ ಮೇಲೆ ಬೆರಳೊತ್ತಿ ಬೆಳಕು ಏರಿಸಿ. ಅಮೃತಶಿಲೆಗೆ ನೇರ ಬಿಸಿಲು ಬಿದ್ದಿದ್ದರೆ ಇಳಿಸಿ, ಇಲ್ಲವಾದರೆ ಮಡಿಕೆಗಳೆಲ್ಲ ಅಳಿಸಿ ಸುಣ್ಣದ ಗೊಂಬೆಯಾಗುತ್ತದೆ.

ಹತ್ತಕ್ಕೆ ಅರಮನೆ ತೆರೆಯುತ್ತದೆ. ಕಟ್ಟಡದ ಮುಖ ಪೂರ್ವಕ್ಕಿರುವುದರಿಂದ ನಡುಕಮಾನಿನ ಮೇಲಿನ ಗಜಲಕ್ಷ್ಮಿಯನ್ನು ಮಧ್ಯಾಹ್ನಕ್ಕೆ ಮುಂಚೆಯೇ ನೋಡಬೇಕು. ಆವರಣದ ಕಂಚಿನ ಮೃಗಗಳು ಇಂಗ್ಲಿಷ್ ಶಿಲ್ಪಿ ರಾಬರ್ಟ್ ವಿಲಿಯಂ ಕೋಲ್ಟನ್ ಮಾಡಿದವು. ಕೆಲವರು ಹುಲಿ ಎನ್ನುತ್ತಾರೆ, ಕೆಲವರು ಚಿರತೆ. ಆ ತೀರ್ಪನ್ನು ಮಕ್ಕಳಿಗೇ ಬಿಡಿ.

ಪ್ರಶ್ನೆ: ಕಂಚಿನದೋ, ಕಂಚಿನ ಬಣ್ಣ ಬಳಿದ ಫೈಬರಿನದೋ ತಿಳಿಯುವುದು ಹೇಗೆ? (ಕುವೆಂಪುನಗರ)

ಉತ್ತರ: ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಕಂಚು ಠಣ್ ಎನ್ನುತ್ತದೆ, ಫೈಬರ್ ಖಾಲಿ ಡಬ್ಬದಂತೆ ದೊಬ್ ಎನ್ನುತ್ತದೆ. ಕೈಗೆಟುಕದಿದ್ದರೆ ಕಂಕುಳು, ಪಂಚೆಯ ಮಡಿಕೆ ನೋಡಿ. ಮಳೆನೀರು ಹರಿದ ಕಡೆ ಹಸಿರು ಗೆರೆಯಿದ್ದರೆ ಅದು ತಾಮ್ರವಿರುವ ಲೋಹ. ಬಣ್ಣ ಹಪ್ಪಳದಂತೆ ಎದ್ದು ಒಳಗೆ ಬಿಳಿ ಅಥವಾ ಬೂದು ಇಣುಕಿದರೆ ಫೈಬರ್ ಇಲ್ಲವೇ ಸಿಮೆಂಟು. ಮ್ಯಾಗ್ನೆಟ್ ಕಂಚಿಗೂ ಅಂಟುವುದಿಲ್ಲ, ಫೈಬರಿಗೂ ಅಂಟುವುದಿಲ್ಲ. ಅದನ್ನು ನಂಬಿ ಹೋಗಬೇಡಿ.

ಪ್ರಶ್ನೆ: ನಮ್ಮೂರ ಕೆರೆ ಏರಿಯಲ್ಲಿ ಮೂರು ಹಂತದ ಕೆತ್ತನೆಯ ಕಲ್ಲೊಂದಿದೆ. ಅಕ್ಷರಗಳೂ ಇವೆ, ಆದರೆ ಸವೆದಿವೆ. ಅರಿಸಿನ ಹಚ್ಚಿದರೆ ಕಾಣುತ್ತದೆಯೇ? (ಮದ್ದೂರು ತಾಲ್ಲೂಕು)

ಉತ್ತರ: ಅರಿಸಿನ ಬೇಡ. ಸೀಮೆಸುಣ್ಣ, ಎಣ್ಣೆ, ಆಯಿಲ್ ಪೇಂಟ್ ಯಾವುದೂ ಬೇಡ. ಪುಡಿ ಸಣ್ಣ ರಂಧ್ರಗಳಲ್ಲಿ ಕೂತುಬಿಡುತ್ತದೆ. ಎಣ್ಣೆ ಧೂಳು ಹಿಡಿದು ಅಕ್ಷರದ ತಗ್ಗು ತುಂಬುತ್ತದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಸೀಮೆಸುಣ್ಣದಲ್ಲಿ ತಿದ್ದುವವರು ತಮಗೆ ತೋಚಿದ ಅಕ್ಷರವನ್ನೇ ಬರೆದಿರುತ್ತಾರೆ. ಮುಂದಿನವರು ಅದನ್ನೇ ಓದುತ್ತಾರೆ.

ಅದಕ್ಕೆ ಬೇಕಾದದ್ದು ಓರೆ ಬೆಳಕು. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮೈಗೆ ಒರಗಿಸಿದಂತೆ, 10ರಿಂದ 20 ಡಿಗ್ರಿ ಓರೆಯಲ್ಲಿ ಬದಿಯಿಂದ ಹಿಡಿಯಿರಿ. ತಗ್ಗುಗಳಲ್ಲಿ ನೆರಳು ಕೂತು ಅಕ್ಷರ ಎದ್ದು ಬರುತ್ತದೆ. ಎಡದಿಂದ, ಬಲದಿಂದ, ಮೇಲಿನಿಂದ ಒಂದೊಂದು ಚಿತ್ರ ತೆಗೆಯಿರಿ, ಏಕೆಂದರೆ ಅಡ್ಡಗೆರೆಗಳು ಅಡ್ಡಬೆಳಕಿಗೆ ಕಾಣುವುದಿಲ್ಲ. ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಮೂರು ಆಯಾಮದ ಮಾದರಿ ಮಾಡಿಸುವುದಾದರೆ ಮೋಡ ಕವಿದ ದಿನ ಸುತ್ತ ತಿರುಗುತ್ತ 40ರಿಂದ 60 ಚಿತ್ರ ತೆಗೆಯಿರಿ. ಒಂದೊಂದು ಚಿತ್ರವೂ ಹಿಂದಿನದರ ಮುಕ್ಕಾಲು ಪಾಲನ್ನು ಒಳಗೊಂಡಿರಲಿ.

ನೀವು ಹೇಳಿದ ಲಕ್ಷಣಕ್ಕೆ ಅದು ವೀರಗಲ್ಲೇ ಇರಬೇಕು. ಓದುವುದು ಕೆಳಗಿನಿಂದ ಮೇಲಕ್ಕೆ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಸಾಮಾನ್ಯವಾಗಿ ಲಿಂಗದೆದುರು ವೀರ, ಜೊತೆಗೆ ಸೂರ್ಯ ಚಂದ್ರ. ಕೆಳಗೆ ದನಗಳಿದ್ದರೆ ತುರುಗೋಳಿನಲ್ಲಿ, ಎಂದರೆ ದನಗಳಿಗಾಗಿ ನಡೆದ ಕಾಳಗದಲ್ಲಿ, ಸತ್ತವನು. ಮೊಣಕೈ ಮಡಿಸಿ ಎತ್ತಿದ, ಬಳೆ ತೊಟ್ಟ ತೋಳು ಕಂಡರೆ ಅದು ಮಾಸ್ತಿಗಲ್ಲು, ಸತಿ ಹೋದವಳ ನೆನಪಿನ ಕಲ್ಲು. ಅಕ್ಷರಗಳು ಹೆಚ್ಚಾಗಿ ಹಂತಗಳ ನಡುವಿನ ಪಟ್ಟಿಯಲ್ಲಿರುತ್ತವೆ. ನಿಮ್ಮ ತಾಲ್ಲೂಕಿನದೇ ಆತಕೂರು ಕಲ್ಲು 10ನೇ ಶತಮಾನದ್ದು, ಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಗೆ ನೆಟ್ಟದ್ದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಾಗೆಂದು ನಿಮ್ಮ ಕಲ್ಲನ್ನು ಕಿತ್ತು ಗುಡಿಯ ಮುಂದೆ ನಿಲ್ಲಿಸಲು ಹೋಗಬೇಡಿ. ನಿಂತ ಜಾಗವೂ ಅದರ ಸಾಕ್ಷ್ಯವೇ. ಚಿತ್ರಗಳೊಂದಿಗೆ ಪುರಾತತ್ವ ಇಲಾಖೆಗೆ ತಿಳಿಸಿ. ಕಲ್ಲಿನ ಮೇಲೆ ಒದ್ದೆ ಕಾಗದವೊತ್ತಿ ಮಸಿಯಚ್ಚು ತೆಗೆಯುವುದು ಬಲ್ಲವರ ಕೆಲಸ.

ಪ್ರಶ್ನೆ: ಜಯಂತಿಗೆ ಮುನ್ನ ನಮ್ಮ ವೃತ್ತದ ಅಮೃತಶಿಲೆ ಮೂರ್ತಿ ತೊಳೆಯಬೇಕು. ಹುಣಸೆಹಣ್ಣು ಒಳ್ಳೆಯದೆನ್ನುತ್ತಾರೆ. (ಪಾಂಡವಪುರ)

ಉತ್ತರ: ಹುಣಸೆ ತಪ್ಪಲೆಗೆ ಸರಿ. ಅಮೃತಶಿಲೆ ಸುಣ್ಣದ ಜಾತಿಯ ಕಲ್ಲು. ಹುಣಸೆ, ನಿಂಬೆ, ಟಾಯ್ಲೆಟ್ ಆಸಿಡ್ ಎಲ್ಲವೂ ಅದನ್ನು ಕರಗಿಸುತ್ತವೆ. ಒಂದು ಸಲಕ್ಕೆ ಬೆಳ್ಳಗೆ ಕಾಣುತ್ತದೆ ನಿಜ, ಆದರೆ ಹೊಳಪು ಹೋಗಿ ಮೈ ಒರಟಾಗಿ ಮುಂದಿನ ವರ್ಷ ಕೊಳೆ ಇನ್ನೂ ಬೇಗ ಹಿಡಿಯುತ್ತದೆ. ಕಂಚಿಗೂ ಹುಣಸೆ ಬೇಡ, ಅದರ ಕಂದು ಪದರವೇ ರಕ್ಷಣೆ.

ಮೊದಲು ಸ್ಥಳೀಯ ಸಂಸ್ಥೆಯ ಒಪ್ಪಿಗೆ ಪಡೆಯಿರಿ. ಹಕ್ಕಿಯ ಹಿಕ್ಕೆಯ ಮೇಲೆ ಒದ್ದೆಬಟ್ಟೆ ಹತ್ತು ನಿಮಿಷ ಹಾಕಿ ನೆನೆಸಿ, ಕೆರೆಯಬೇಡಿ. ಹತ್ತು ಲೀಟರ್ ನೀರಿಗೆ ಎರಡು ಚಮಚ ಸೌಮ್ಯ ದ್ರವಸೋಪು, ಮೆತ್ತನೆ ನೈಲಾನ್ ಬ್ರಷ್ಷು ಸಾಕು. ಉಜ್ಜುವುದು ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಶುರುಮಾಡಿದರೆ ಕೊಳೆನೀರು ಒಣಕಲ್ಲಿನ ಮೇಲೆ ಇಳಿದು ಗೆರೆ ಉಳಿಯುತ್ತದೆ. ಜಾಲಿಸುವುದು ಮಾತ್ರ ಮೇಲಿನಿಂದ ಕೆಳಕ್ಕೆ, ಸೋಪು ಪೂರ್ತಿ ಹೋಗುವವರೆಗೆ. ತಂತಿ ಕಟ್ಟಿದ ಹಾರ ಸಂಜೆಯೇ ತೆಗೆಯಿರಿ, ಕಬ್ಬಿಣದ ತುಕ್ಕು ಕಲ್ಲಿಗಿಳಿದರೆ ಬಿಡಿಸುವುದು ಕಷ್ಟ. ಹಾಲಿನ ಅಭಿಷೇಕವೂ ಬೇಡ, ಜಿಡ್ಡು ಒಳಗಿಳಿದು ಹಳದಿಯಾಗುತ್ತದೆ.

ಪ್ರಶ್ನೆ: ಸೋಮನಾಥಪುರದ ಕೇಶವ ಗುಡಿಯ ಉತ್ತರ ಗೋಡೆಯ ಚಿತ್ರಗಳು ಯಾವಾಗಲೂ ಮಂಕಾಗಿ ಬರುತ್ತವೆ. (ತಿ. ನರಸೀಪುರ)

ಉತ್ತರ: ಡಿಸೆಂಬರಿನಲ್ಲಿ ಹೋಗಿರಬೇಕು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕಿರುತ್ತಾನೆ, ಆ ಗೋಡೆಗೆ ನೇರ ಬಿಸಿಲೇ ಇಲ್ಲ. ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಮೇ ತಿಂಗಳ ಬೆಳಗಿನ ಓರೆ ಬಿಸಿಲಲ್ಲಿ ಹೋಗಿ. ಆಗ ಮೂರ್ತಿಗಳ ಕಾಲಬುಡದ ಪೀಠವನ್ನೂ ಬಿಡದೆ ನೋಡಿ. 1258ರ ಈ ಗುಡಿಯಲ್ಲಿ ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರು ಕೊರೆದಿರುವುದು ಅಲ್ಲಿ.