ಬಿಳಿ ಐರಿಸ್‌ನ ಹೂಗಡ್ಡಿಯನ್ನು ಕತ್ತರಿಸಬೇಡಿ

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದೊಂದು ಚಿಕ್ಕ ಕೈತೋಟವಿದೆ. ಮೂರು ವರ್ಷದ ಹಿಂದೆ ನರ್ಸರಿಯೊಂದರಿಂದ ‘ಬಿಳಿ ಐರಿಸ್’ ಎಂದು ಹೇಳಿ ಕೊಟ್ಟ ಗಿಡ ತಂದು ಸಂಪಿಗೆ ಮರದ ಕೆಳಗೆ ನೆಟ್ಟೆ. ಮೊದಲ ವರ್ಷ ಹೂ ಬಿಟ್ಟಿತು. ಬೆಳಿಗ್ಗೆ ಅರಳಿದ್ದು ಸಂಜೆಗೆ ಮುದುಡಿತು. ಹೂ ಮುಗಿದ ಕಡ್ಡಿಗಳನ್ನೆಲ್ಲ ಬುಡದಿಂದ ಕತ್ತರಿಸಿದೆ. ಆಮೇಲೆ ಹೂವೇ ಅಪರೂಪವಾಯಿತು, ಎಲೆ ಮಾತ್ರ ಸೊಂಪಾಗಿ ಬರುತ್ತಿದೆ. ಸಗಣಿ ಗೊಬ್ಬರದ ಜೊತೆ ಆಗಾಗ ಚಿಟಿಕೆ ಯೂರಿಯಾ ಕೊಡುತ್ತೇನೆ. ಎಲ್ಲಿ ತಪ್ಪಾಗಿದೆ? ಬುಡ ಬಿಡಿಸಿ ಬೇರೆ ಕಡೆ ನೆಡಬಹುದೇ? ಚಿತ್ರ ಕಳಿಸಿದ್ದೇನೆ.

ಉತ್ತರ: ಚಿತ್ರ ನೋಡಿದ ಕೂಡಲೇ ಗುರುತು ಸಿಕ್ಕಿತು. ಇದು ಡಯೇಟಿಸ್ ಇರಿಡಿಯಾಯ್ಡಿಸ್. ಐರಿಸ್ ಕುಟುಂಬದ್ದೇ, ಆದರೆ ಐರಿಸ್ ಅಲ್ಲ. ನಮಗೆ ಚೆನ್ನಾಗಿ ಗೊತ್ತಿರುವ ಗ್ಲಾಡಿಯೋಲಸ್, ಕೇಸರಿ ಎರಡೂ ಇದರ ಬಳಗವೇ. ಅವು ಹೂ ಬಿಟ್ಟ ಮೇಲೆ ಎಲೆ ಒಣಗಿಸಿಕೊಂಡು ಗೆಡ್ಡೆಯೊಳಗೆ ಮಲಗಿಬಿಡುತ್ತವೆ. ಡಯೇಟಿಸ್‌ಗೆ ಆ ನಿದ್ದೆ ಇಲ್ಲ. ಶುಂಠಿಯ ಹಾಗೆ ಮಣ್ಣಿನಲ್ಲಿ ಅಡ್ಡಡ್ಡ ಹಬ್ಬುವ ಗೆಡ್ಡೆಯಿಂದ ಬೀಸಣಿಗೆಯಂತೆ ಎಲೆ ಹೊರಡಿಸುತ್ತಾ ವರ್ಷವಿಡೀ ಹಸಿರಾಗಿರುತ್ತದೆ.

ಮೊದಲು ಕಡ್ಡಿಯ ವಿಷಯ, ಏಕೆಂದರೆ ಹೂ ನಿಂತದ್ದಕ್ಕೆ ದೊಡ್ಡ ಕಾರಣ ಅದೇ. ಗುಲಾಬಿಯಲ್ಲಿ ಬಾಡಿದ ಹೂವನ್ನು ಕತ್ತರಿಸಿದರೆ ಹೊಸ ಚಿಗುರು ಬರುತ್ತದೆ ಎಂದು ಎಲ್ಲರೂ ಕಲಿತಿದ್ದೇವೆ. ಆ ಪಾಠ ಇಲ್ಲಿ ನಡೆಯುವುದಿಲ್ಲ. ಡಯೇಟಿಸ್‌ನ ಹೂಗಡ್ಡಿ ಒಂದು ಸಲದ ಬಳಕೆಯದಲ್ಲ. ಒಂದೇ ಕಡ್ಡಿಯ ಕವಲುಗಳಲ್ಲಿ ಮೊಗ್ಗು ಸರದಿಯ ಮೇಲೆ ಬರುತ್ತಲೇ ಇರುತ್ತದೆ, ಈ ವರ್ಷದ ಕಡ್ಡಿ ಬರುವ ವರ್ಷವೂ ಹೂ ಕೊಡುತ್ತದೆ. ಹೂವಿನ ಆಯಸ್ಸು ಒಂದೇ ದಿನ ಎಂಬುದು ನಿಜ. ಆದರೆ ಒಂದು ಸುತ್ತು ಅರಳಿ, ಕೆಲವು ದಿನ ಸುಮ್ಮನಿದ್ದು, ಮತ್ತೆ ಒಟ್ಟಿಗೆ ಅರಳುವುದು ಇದರ ಕ್ರಮ. ಸುಮಾರು ಎರಡು ವಾರಕ್ಕೊಮ್ಮೆ ಹೀಗೆ ಸುತ್ತು ಬರುವುದರಿಂದಲೇ ಇಂಗ್ಲಿಷ್‌ನಲ್ಲಿ ಇದನ್ನು ‘ಫೋರ್ಟ್‌ನೈಟ್ ಲಿಲಿ’ ಎನ್ನುತ್ತಾರೆ. ನೀವು ಕಡ್ಡಿ ಕತ್ತರಿಸಿದಾಗ ಮುಂದಿನ ಎಷ್ಟೋ ಸುತ್ತಿನ ಹೂವನ್ನು ಒಟ್ಟಿಗೇ ಕತ್ತರಿಸಿದಂತಾಯಿತು. ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಹಾಗೇ ಬಿಡಿ. ಪೂರ್ತಿ ಕಂದಾಗಿ ಟೊಳ್ಳಾದದ್ದನ್ನು ಮಾತ್ರ ತೆಗೆಯಿರಿ.

ಇನ್ನು ನೆರಳು. ‘ನೆರಳಿನ ಗಿಡ’ ಎಂದು ನಿಮಗೆ ಯಾರೋ ಹೇಳಿರಬೇಕು. ಅದರಲ್ಲಿ ಅರ್ಧ ಸತ್ಯವಿದೆ. ಇಥಿಯೋಪಿಯಾದಿಂದ ದಕ್ಷಿಣ ಆಫ್ರಿಕಾದವರೆಗೆ ಈ ಗಿಡ ಬೆಳೆಯುವುದು ಕಾಡಿನ ಅಂಚಿನಲ್ಲಿ, ಮರಗಳ ನಡುವೆ ಬಿಸಿಲು ತೂರಿ ಬರುವ ಕಡೆ. ದಟ್ಟ ನೆರಳಿನಲ್ಲಿ ಬದುಕುತ್ತದೆ, ಎಲೆಯೂ ಚೆನ್ನಾಗಿರುತ್ತದೆ, ಹೂ ಮಾತ್ರ ಕಡಿಮೆ. ಬೆಳಗಿನ ಬಿಸಿಲು ನಾಲ್ಕೈದು ಗಂಟೆ ಬಿದ್ದು, ಮಧ್ಯಾಹ್ನದ ಮೇಲೆ ನೆರಳು ಬರುವ ಜಾಗ ಬೆಂಗಳೂರಿನ ಹವೆಗೆ ಹೇಳಿ ಮಾಡಿಸಿದ್ದು.

ಯೂರಿಯಾವನ್ನು ಇವತ್ತೇ ನಿಲ್ಲಿಸಿ. ಸಾರಜನಕ ಹೆಚ್ಚಾದರೆ ಗಿಡ ಎಲೆಯಲ್ಲೇ ಮೈಮರೆಯುತ್ತದೆ. ವರ್ಷಕ್ಕೆ ಎರಡು ಸಲ, ಮಳೆಗಾಲದ ಮೊದಲು ಮತ್ತು ನಂತರ, ಬುಡಕ್ಕೆ ಒಂದೆರಡು ಹಿಡಿ ಎರೆಗೊಬ್ಬರ ಹಾಕಿದರೆ ಸಾಕು. ಬೇರೂರಿದ ಗಿಡ ನೀರಿಲ್ಲದೆ ಕೆಲವು ದಿನ ತಡೆದುಕೊಳ್ಳುತ್ತದೆ, ನಿಂತ ನೀರನ್ನು ಮಾತ್ರ ಸಹಿಸುವುದಿಲ್ಲ.

ಬುಡ ಖಂಡಿತ ಬಿಡಿಸಬಹುದು. ಮುಂಗಾರು ಹಿಡಿದು ಮಣ್ಣು ಮೆದುವಾದ ಮೇಲೆ ಇಡೀ ಬುಡವನ್ನು ಅಗೆದು ತೆಗೆಯಿರಿ. ಹಳೆಯ ಬುಡ ಕೈಗೆ ಬಗ್ಗುವುದಿಲ್ಲ, ಹರಿತವಾದ ಚಾಕು ಬೇಕಾಗುತ್ತದೆ. ಒಂದೊಂದು ತುಂಡಿನಲ್ಲೂ ಮೂರ್ನಾಲ್ಕು ಬೀಸಣಿಗೆ ಎಲೆಗುಚ್ಛ, ಸಾಕಷ್ಟು ಬೇರು ಇರಲಿ. ಎಲೆಯನ್ನು ಅರ್ಧಕ್ಕೆ ಕತ್ತರಿಸಿ, ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ನೆಡಿ. ಆಳಕ್ಕೆ ಹೂತರೆ ಎಲೆಯ ಬುಡ ಕೊಳೆಯುತ್ತದೆ, ನನಗೆ ಬರುವ ಪತ್ರಗಳಲ್ಲಿ ಇದೇ ಹೆಚ್ಚು. ಬಿಡಿಸಿದ ವರ್ಷ ಗಿಡ ಮುನಿಸಿಕೊಂಡ ಹಾಗೆ ಹೂವಿಲ್ಲದೆ ನಿಲ್ಲಬಹುದು, ಗಾಬರಿಯಾಗಿ ಮತ್ತೆ ಅಗೆಯಬೇಡಿ.

ಹೂ ಬಂದ ದಿನ ಹತ್ತಿರ ಕೂತು ನೋಡಿ. ಆರು ಬಿಳಿ ದಳಗಳಲ್ಲಿ ಹೊರಗಿನ ಮೂರಕ್ಕೆ ಮಾತ್ರ ಹಳದಿ ಗುರುತು, ಜೇನಿಗೆ ದಾರಿ ತೋರಿಸಲು. ನಡುವೆ ದಳದ ಹಾಗೆಯೇ ಕಾಣುವ ತಿಳಿ ನೇರಳೆಯ ಮೂರು ಕವಲುಗಳು ದಳಗಳಲ್ಲ, ಹೂವಿನ ಹೆಣ್ಣು ಭಾಗದ ಕೊಳವೆಯಾದ ಶಲಾಕೆಯ ಕವಲುಗಳು. ಪರಾಗಕೋಶಗಳು ಅವುಗಳ ಅಡಿಯಲ್ಲಿ ಅಡಗಿರುತ್ತವೆ. ಒಂದೇ ದಿನಕ್ಕಾಗಿ ಇಷ್ಟು ಅಚ್ಚುಕಟ್ಟು! ಒಂದು ದಿನ ಸಾಲದು ಎನ್ನುವವರಿಗೆ ಇದರದೇ ಸೋದರಿ ಡಯೇಟಿಸ್ ಗ್ರಾಂಡಿಫ್ಲೋರಾ ಇದೆ. ಹೂ ದೊಡ್ಡದು, ಮೂರು ದಿನ ನಿಲ್ಲುತ್ತದೆ.

ಪ್ರಶ್ನೆ: ಕೊಡಗಿನಲ್ಲಿ ನಮ್ಮ ಮನೆಯ ಅಂಗಳದಾಚೆ ಕಾಫಿ ತೋಟ, ಅದರಾಚೆ ಕಾಡು. ನಮ್ಮಲ್ಲೂ ಇಂಥದೇ ಬಿಳಿ-ನೀಲಿ ಹೂವಿನ ಗಿಡವಿದೆ, ಆದರೆ ಹೂ ಎಲೆಯ ತುದಿಯಿಂದಲೇ ಬಂದ ಹಾಗಿದೆ. ಇದೂ ಡಯೇಟಿಸ್ ಹೌದೇ? ಎರಡನ್ನೂ ಬೇಲಿಯುದ್ದಕ್ಕೂ ಹಾಕಬಹುದೇ?

ಉತ್ತರ: ಅಲ್ಲ, ನಿಮ್ಮದು ನಿಯೋಮರಿಕಾ, ಬ್ರೆಜಿಲ್ ಕಡೆಯ ಗಿಡ. ಎಲೆಯಂತೆ ಚಪ್ಪಟೆಯಾಗಿರುವ ಅದು ನಿಜವಾಗಿ ಹೂಗಡ್ಡಿ. ಹೂ ಬಾಡಿದ ಜಾಗದಲ್ಲಿ ಮರಿ ಹುಟ್ಟಿ, ಅದರ ಭಾರಕ್ಕೆ ಕಡ್ಡಿ ಬಾಗಿ, ಮರಿ ನೆಲ ಮುಟ್ಟಿ ಬೇರು ಬಿಡುತ್ತದೆ. ಹೀಗೆ ಹೆಜ್ಜೆ ಹೆಜ್ಜೆಯಾಗಿ ಮುಂದೆ ಹೋಗುವುದಕ್ಕೇ ಇದಕ್ಕೆ ‘ವಾಕಿಂಗ್ ಐರಿಸ್’ ಎಂಬ ಹೆಸರು. ಡಯೇಟಿಸ್‌ನ ಎಲೆ ಇದಕ್ಕಿಂತ ಕಿರಿದು, ಹೂಗಡ್ಡಿ ತಂತಿಯಂತೆ ದುಂಡಗೆ.

ಅಂಗಳದಲ್ಲಿ ಎರಡೂ ಚೆನ್ನಾಗಿ ಬರುತ್ತವೆ. ನಿಮ್ಮ ಮಳೆಗೆ ಸಮತಟ್ಟು ನೆಲ ಬೇಡ, ಒಂದು ಅಡಿ ಎತ್ತರದ ಏರುಮಡಿ ಮಾಡಿ. ಕಾಡಿನ ಬದಿಯ ಬೇಲಿಗೆ ಮಾತ್ರ ನಾನು ಒಪ್ಪುವುದಿಲ್ಲ. ಡಯೇಟಿಸ್ ಬೀಜದಿಂದ ಸುಲಭವಾಗಿ ಹುಟ್ಟುತ್ತದೆ, ಆಸ್ಟ್ರೇಲಿಯಾದ ಕೆಲವೆಡೆ ತೋಟ ದಾಟಿ ಕಾಡುಪಾಲಾಗಿದೆ. ಲಂಟಾನವೂ ಒಂದು ಕಾಲಕ್ಕೆ ಅಲಂಕಾರದ ಗಿಡವಾಗಿಯೇ ನಮ್ಮಲ್ಲಿಗೆ ಬಂದದ್ದು. ಆದ್ದರಿಂದ ಡಯೇಟಿಸ್‌ನ ಕಡ್ಡಿ ಉಳಿಸಿ, ಕಾಯಿಗಳನ್ನು ಮಾತ್ರ ಹಸಿರಿರುವಾಗಲೇ ಚಿವುಟಿ ತೆಗೆಯಿರಿ. ಗಿಡದ ಶಕ್ತಿಯೂ ಮುಂದಿನ ಸುತ್ತಿನ ಹೂವಿಗೆ ಉಳಿಯುತ್ತದೆ. ನಿಯೋಮರಿಕಾದ ಕಡ್ಡಿ ಬಾಗತೊಡಗಿದಾಗ ಮರಿಯ ಕೆಳಗೊಂದು ಕುಂಡ ಇಡಿ. ಬೇರು ಹಿಡಿದ ಮೇಲೆ ಕಡ್ಡಿ ಕತ್ತರಿಸಿದರೆ, ಕೇಳಿದವರಿಗೆ ಕೊಡಲು ಸಸಿ ತಯಾರು.