ಓದುಗರ ಪ್ರಶ್ನೆ, ನಮ್ಮ ಉತ್ತರ: ಲೂಯಿಸಿಯಾನದ ಹದಿನೈದು ಗೆಲುವುಗಳು

ಪ್ರಶ್ನೆ: ನನ್ನ ಮಗ ಅಮೆರಿಕದ ಬ್ಯಾಟನ್ ರೂಜ್ ನಗರದ ಲೂಯಿಸಿಯಾನ ರಾಜ್ಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಅಲ್ಲಿನವರು ತಮ್ಮ ಅಮೆರಿಕನ್ ಫುಟ್ಬಾಲ್ ತಂಡದ 2019ರ ಋತುವನ್ನು ಮೊನ್ನೆ ಮೊನ್ನೆ ನಡೆದದ್ದೆಂಬಂತೆ ಇಂದಿಗೂ ವರ್ಣಿಸುತ್ತಾರಂತೆ. ಆ ವರ್ಷ ಅಂಥದ್ದೇನು ನಡೆಯಿತು?
– ಓದುಗರೊಬ್ಬರು, ಧಾರವಾಡ

ಉತ್ತರ: ಆ ವರ್ಷ ಈ ವಿಶ್ವವಿದ್ಯಾಲಯದ ಎಲ್‌ಎಸ್‌ಯು ತಂಡ ಆಡಿದ ಹದಿನೈದು ಪಂದ್ಯಗಳನ್ನೂ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು. ಆದರೆ ಅಜೇಯ ತಂಡಗಳು ಬೇರೆಯೂ ಇವೆ. ಈ ತಂಡವನ್ನು ಜನ ಇಷ್ಟೊಂದು ನೆನೆಯುವುದಕ್ಕೆ ಕಾರಣ, ಬೇರೆಡೆ ಜಾಗ ಸಿಗದವರು ಒಂದೇ ವರ್ಷದ ಮಟ್ಟಿಗೆ ಒಂದೆಡೆ ಸೇರಿ ಆಡಿದ ಆಟ ಅದು ಎಂಬುದೇ ಎಂದು ನನಗೆ ಅನ್ನಿಸುತ್ತದೆ.

ಮುಖ್ಯ ತರಬೇತುದಾರ ಎಡ್ ಓರ್ಜೆರಾನ್ ಅದೇ ರಾಜ್ಯದ ಲಾರೋಸ್ ಎಂಬ ಸಣ್ಣ ಊರಿನವರು. ಮಿಸಿಸಿಪಿ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷ ತರಬೇತುದಾರರಾಗಿದ್ದು, ಹತ್ತು ಪಂದ್ಯ ಗೆದ್ದು ಇಪ್ಪತ್ತೈದು ಸೋತು, 2007ರಲ್ಲಿ ಕೆಲಸ ಕಳೆದುಕೊಂಡಿದ್ದರು. 2016ರಲ್ಲಿ ಎಲ್‌ಎಸ್‌ಯು ಋತುವಿನ ನಡುವೆಯೇ ತನ್ನ ತರಬೇತುದಾರರನ್ನು ತೆಗೆದಾಗ ಅವರಿಗೆ ಮೊದಲು ಸಿಕ್ಕಿದ್ದು ಹಂಗಾಮಿ ಹುದ್ದೆ. ತಂಡವನ್ನು ಮೈದಾನದಲ್ಲಿ ನಡೆಸುವ ಕ್ವಾರ್ಟರ್‌ಬ್ಯಾಕ್ ಜೋ ಬರೋ ಒಹಾಯೋ ರಾಜ್ಯದ ಹುಡುಗ. ತನ್ನ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷ ಕಾದರೂ ಮೊದಲ ಸ್ಥಾನ ದಕ್ಕದೆ, ಅಲ್ಲಿ ಪದವಿ ಮುಗಿಸಿಕೊಂಡು 2018ರಲ್ಲಿ ಬ್ಯಾಟನ್ ರೂಜ್‌ಗೆ ಬಂದರು. ಆ ಮೊದಲ ವರ್ಷ ಅವರು ಎಸೆದ, ಎದುರಾಳಿಯ ಗೆರೆಯಾಚೆಗೆ ಚೆಂಡನ್ನು ಮುಟ್ಟಿಸಿ ಅಂಕ ತರುವ ಟಚ್‌ಡೌನ್ ಪಾಸ್‌ಗಳು 16. ಮರುವರ್ಷ ಅದೇ ಬರೋ 60 ಟಚ್‌ಡೌನ್ ಪಾಸ್‌ಗಳನ್ನೂ ಎಸೆತಗಳಿಂದ ಸಾಗಿದ 5,671 ಗಜಗಳನ್ನೂ ದಾಖಲಿಸಿದರು. ಒಂದು ಋತುವಿನಲ್ಲಿ 60 ಎಂಬುದು ಅಂದಿಗೆ ಅತ್ಯುನ್ನತ ಶ್ರೇಣಿಯ ಕಾಲೇಜು ಆಟದ ದಾಖಲೆಯಾಗಿತ್ತು.

ಇಷ್ಟು ದೊಡ್ಡ ಬದಲಾವಣೆ ಆಟಗಾರನೊಬ್ಬನ ಸುಧಾರಣೆಯಿಂದಷ್ಟೇ ಆಗುವಂಥದ್ದಲ್ಲ. ಎಲ್‌ಎಸ್‌ಯು ಬಹುಕಾಲದಿಂದ ಚೆಂಡನ್ನು ಕೈಯಲ್ಲಿ ಹಿಡಿದು, ಮೈಬಲದಿಂದ ನುಗ್ಗಿ ಮುಂದೆ ಸಾಗುವ ಹಳೆಯ ಶೈಲಿಗೆ ಅಂಟಿಕೊಂಡಿತ್ತು. ಆ ಶೈಲಿಯಿಂದ ಅಲಬಾಮಾ ತಂಡವನ್ನು ಸೋಲಿಸಲಾಗುವುದಿಲ್ಲ ಎಂಬುದು ವರ್ಷ ವರ್ಷವೂ ರುಜುವಾಗುತ್ತಿತ್ತು. 2018ರಲ್ಲಂತೂ ಸ್ವಂತ ಮೈದಾನದಲ್ಲೇ ಒಂದೂ ಅಂಕ ಗಳಿಸಲಾಗದೆ 29–0ಯಿಂದ ಸೋತಿತು. ಆಗ ಓರ್ಜೆರಾನ್ ಅವರು ನ್ಯೂ ಆರ್ಲಿಯನ್ಸ್ ಸೇಂಟ್ಸ್ ಎಂಬ ವೃತ್ತಿಪರ ತಂಡದಲ್ಲಿ ಸಹಾಯಕರಾಗಿದ್ದ, ಇನ್ನೂ ಮೂವತ್ತು ತುಂಬದ ಜೋ ಬ್ರೇಡಿಯವರನ್ನು ಕರೆತಂದು, ಅನುಭವಿ ಸ್ಟೀವ್ ಎನ್ಸ್‌ಮಿಂಗರ್ ಅವರ ಜೊತೆಗೆ ದಾಳಿಯ ಯೋಜನೆಯಲ್ಲಿ ಕೂರಿಸಿದರು. ಚೆಂಡು ಹಿಡಿಯಬಲ್ಲ ಐವರನ್ನೂ ಮೈದಾನದ ಅಗಲಕ್ಕೆ ಹರಡಿ, ಎದುರಾಳಿಯ ರಕ್ಷಣೆ ಎಲ್ಲಿ ತೆಳುವಾಗಿದೆಯೆಂದು ಕ್ವಾರ್ಟರ್‌ಬ್ಯಾಕ್ ಕ್ಷಣದಲ್ಲಿ ಗುರುತಿಸಿ, ತನ್ನ ಮೇಲೆ ಯಾರಾದರೂ ಬೀಳುವ ಮುನ್ನವೇ ಎಸೆಯುವುದು ಈ ಹೊಸ ಪದ್ಧತಿಯ ತಿರುಳು. ಇದಕ್ಕೆ ಬೇಕಾದದ್ದು ತೋಳಿನ ಬಲಕ್ಕಿಂತ ಹೆಚ್ಚಾಗಿ ಓದುವ ಕಣ್ಣು, ಮತ್ತು ಅದು ಬರೋ ಬಳಿ ಇತ್ತು. ಹಿಡಿಯಲು ಜಮಾರ್ ಚೇಸ್, ಜಸ್ಟಿನ್ ಜೆಫರ್ಸನ್ ಅವರಂಥವರಿದ್ದರು. ಚೇಸ್ 20, ಜೆಫರ್ಸನ್ 18 ಟಚ್‌ಡೌನ್ ಪಾಸ್‌ಗಳನ್ನು ಹಿಡಿದರು.

ಹೊಸ ಪದ್ಧತಿಯ ನಿಜವಾದ ಪರೀಕ್ಷೆ ಋತುವಿನ ಎರಡನೆಯ ಪಂದ್ಯದಲ್ಲಿ, ಸೆಪ್ಟೆಂಬರ್ 7ರಂದು ಆಸ್ಟಿನ್‌ನಲ್ಲಿ, ಟೆಕ್ಸಸ್ ತಂಡದ ವಿರುದ್ಧ ನಡೆಯಿತು. ಕೊನೆಯ ಎರಡೂವರೆ ನಿಮಿಷ ಉಳಿದಿರುವಾಗ ಎಲ್‌ಎಸ್‌ಯು ಕೇವಲ ಆರು ಅಂಕಗಳಿಂದ ಮುಂದಿತ್ತು. ಚೆಂಡು ತಮ್ಮಲ್ಲೇ ಉಳಿಯಲು, ಸಿಗುವ ನಾಲ್ಕು ಯತ್ನಗಳ ಪೈಕಿ ಮೂರನೆಯದರಲ್ಲಿ ಇನ್ನೂ 17 ಗಜ ಬೇಕಿತ್ತು. ಇಂಥ ಹೊತ್ತಿನಲ್ಲಿ ಹಳೆಯ ಎಲ್‌ಎಸ್‌ಯು ಗಡಿಯಾರ ಓಡಲಿ ಎಂದು ಚೆಂಡನ್ನು ಭದ್ರವಾಗಿ ಹಿಡಿದುಕೊಳ್ಳುತ್ತಿತ್ತು. ಬರೋ ಎಸೆದರು, ಜೆಫರ್ಸನ್ ಅದನ್ನು ಹಿಡಿದು 61 ಗಜಗಳ ಟಚ್‌ಡೌನ್ ಮಾಡಿದರು. ಪಂದ್ಯ 45–38ಕ್ಕೆ ಮುಗಿಯಿತು. ತರಬೇತುದಾರರು ತಮ್ಮ ಹೊಸ ನಂಬಿಕೆಗೆ ಕಷ್ಟದ ಗಳಿಗೆಯಲ್ಲೂ ಬದ್ಧರಾಗಿ ಉಳಿಯುತ್ತಾರೆಂದು ಆಟಗಾರರಿಗೆ ಮನದಟ್ಟಾದದ್ದು ಆ ಒಂದು ಎಸೆತದಿಂದ ಎಂದು ನಾನು ಭಾವಿಸುತ್ತೇನೆ.

ನವೆಂಬರ್ 9ರಂದು ಟಸ್ಕಲೂಸಾದಲ್ಲಿ ಅಲಬಾಮಾವನ್ನು 46–41ರಿಂದ ಸೋಲಿಸಿದಾಗ ಸತತ ಎಂಟು ಸೋಲುಗಳ ಸರಣಿ ಮುರಿಯಿತು. ಅದೇ ತಿಂಗಳ ಕೊನೆಯಲ್ಲಿ ಟೆಕ್ಸಸ್ ಎ ಅಂಡ್ ಎಂ ತಂಡವನ್ನು 50–7ರಿಂದ ಮಣಿಸಿತು. ಹಿಂದಿನ ವರ್ಷ ಇದೇ ತಂಡಕ್ಕೆ ಏಳು ಹೆಚ್ಚುವರಿ ಅವಧಿಗಳ ನಂತರ 74–72ರಿಂದ ಸೋತಿದ್ದನ್ನು ನೆನೆದರೆ ಆ ಗೆಲುವಿನ ತೂಕ ತಿಳಿಯುತ್ತದೆ. ಡಿಸೆಂಬರ್ 28ರ ಸೆಮಿಫೈನಲ್‌ನಲ್ಲಿ ಓಕ್ಲಹೋಮಾ ವಿರುದ್ಧ ಬರೋ ಮೊದಲಾರ್ಧದಲ್ಲೇ ಏಳು ಟಚ್‌ಡೌನ್ ಪಾಸ್ ಎಸೆದು, ತಂಡ 63–28ರಿಂದ ಗೆದ್ದಿತು. ಆದರೆ ಅಂದಿನ ಬೆಳಿಗ್ಗೆಯೇ ಎನ್ಸ್‌ಮಿಂಗರ್ ಅವರ ಸೊಸೆ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಅಷ್ಟು ದೊಡ್ಡ ದುಃಖವನ್ನು ಹೊತ್ತುಕೊಂಡೇ ಅವರು ಪಂದ್ಯ ಮುಗಿಯುವವರೆಗೆ ತಮ್ಮ ಕೆಲಸ ಮಾಡಿದರು. ಆ ದಿನದ ಅಂಕಗಳ ಜೊತೆಗೆ ಇದನ್ನೂ ಹೇಳದಿದ್ದರೆ ವಿವರ ಅಪೂರ್ಣವಾಗುತ್ತದೆ. 2020ರ ಜನವರಿ 13ರಂದು ತಮ್ಮದೇ ರಾಜ್ಯದ ನ್ಯೂ ಆರ್ಲಿಯನ್ಸ್‌ನಲ್ಲಿ, ಸತತ 29 ಪಂದ್ಯಗಳನ್ನು ಗೆದ್ದು ಬಂದಿದ್ದ ಕ್ಲೆಮ್ಸನ್ ವಿರುದ್ಧ ಆರಂಭದಲ್ಲಿ 17–7ರಿಂದ ಹಿಂದೆ ಬಿದ್ದರೂ 42–25ರಿಂದ ಗೆದ್ದರು.

ಪ್ರಶ್ನೆ: ಈ ಆಟದ ನಿಯಮವೇ ನಮಗೆ ಅರ್ಥವಾಗುವುದಿಲ್ಲ. ಅಲ್ಲದೆ, ಎಲ್ಲರೂ ಎಲ್ಲರೊಡನೆ ಆಡದಿರುವಾಗ ಚಾಂಪಿಯನ್ ಯಾರೆಂದು ತೀರ್ಮಾನಿಸುವುದು ಹೇಗೆ?
– ಓದುಗರೊಬ್ಬರು, ತುಮಕೂರು

ಉತ್ತರ: ಪ್ರತಿ ತಂಡದಿಂದ ಹನ್ನೊಂದು ಜನ ಆಡುತ್ತಾರೆ. ಚೆಂಡು ಅಂಡಾಕಾರದ್ದು, ಕಾಲಿಗಿಂತ ಕೈಯ ಕೆಲಸವೇ ಹೆಚ್ಚು. ಕ್ರಿಕೆಟ್ಟಿನ ಓವರಿನಲ್ಲಿ ಆರು ಎಸೆತಗಳಿರುವಂತೆ ಇಲ್ಲಿ ದಾಳಿ ಮಾಡುವ ತಂಡಕ್ಕೆ ನಾಲ್ಕು ಯತ್ನಗಳಿರುತ್ತವೆ. ಅಷ್ಟರಲ್ಲಿ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಯತ್ನ ಸಿಗುತ್ತವೆ, ಇಲ್ಲವಾದರೆ ಚೆಂಡು ಎದುರಾಳಿಯ ಪಾಲಾಗುತ್ತದೆ. ಎದುರಾಳಿಯ ಗೆರೆ ದಾಟಿದರೆ ಟಚ್‌ಡೌನ್, ಅದಕ್ಕೆ ಆರು ಅಂಕ.

ಅತ್ಯುನ್ನತ ಶ್ರೇಣಿಯಲ್ಲಿ ಆಗ ಸುಮಾರು 130 ಕಾಲೇಜು ತಂಡಗಳಿದ್ದು, ಪ್ರತಿಯೊಂದೂ ಸಾಮಾನ್ಯವಾಗಿ ಆಡುತ್ತಿದ್ದದ್ದು ಹನ್ನೆರಡು ಪಂದ್ಯ. ಆದ್ದರಿಂದ ಒಂದೇ ಅಂಕಪಟ್ಟಿಯಿಂದ ತೀರ್ಮಾನ ಸಾಧ್ಯವಿರಲಿಲ್ಲ. ಆಯ್ಕೆ ಸಮಿತಿಯೊಂದು ನಾಲ್ಕು ತಂಡಗಳನ್ನು ಆರಿಸಿ ಸೆಮಿಫೈನಲ್ ಮತ್ತು ಫೈನಲ್ ಆಡಿಸುತ್ತಿತ್ತು. 2024ರಿಂದ ಆ ಸಂಖ್ಯೆ ಹನ್ನೆರಡಕ್ಕೆ ಏರಿದೆ. ಒಂದು ಸೋಲು ಕೂಡ ಅವಕಾಶವನ್ನೇ ಕಸಿಯಬಹುದಾಗಿದ್ದ ಆ ಹಳೆಯ ವ್ಯವಸ್ಥೆಯಲ್ಲಿ ಸೆಪ್ಟೆಂಬರಿನ ಪಂದ್ಯಕ್ಕೂ ಫೈನಲ್ಲಿನಷ್ಟೇ ಬಿಸಿ ಇರುತ್ತಿತ್ತು.

ಪ್ರಶ್ನೆ: ಇದನ್ನು ಸಾರ್ವಕಾಲಿಕ ಶ್ರೇಷ್ಠ ತಂಡವೆಂದು ಕರೆಯುವುದು ಅತಿಶಯೋಕ್ತಿಯಲ್ಲವೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ದಾಳಿಯ ಮಟ್ಟಿಗೆ ಹೇಳುವುದಾದರೆ ಅತಿಶಯೋಕ್ತಿಯಲ್ಲ. ಹದಿನೈದು ಪಂದ್ಯಗಳಲ್ಲಿ 726 ಅಂಕ ಗಳಿಸಿ, 2013ರ ಫ್ಲೋರಿಡಾ ಸ್ಟೇಟ್ ತಂಡದ 723ರ ದಾಖಲೆಯನ್ನು ಇದು ಮೀರಿಸಿತು. ಪಂದ್ಯದ ಹೊತ್ತಿಗೆ ದೇಶದ ಮೊದಲ ಹತ್ತರಲ್ಲಿದ್ದ ಏಳು ತಂಡಗಳನ್ನು ಸೋಲಿಸಿತು. ಇಷ್ಟು ಕಠಿಣವಾದ ಹಾದಿ ಹಿಂದಿನ ಶ್ರೇಷ್ಠ ತಂಡಗಳಿಗೆ ಒದಗಿರಲಿಲ್ಲ. ಆದರೆ ರಕ್ಷಣೆಯಲ್ಲಿ ಅದು ಅಷ್ಟು ಗಟ್ಟಿಯಾಗಿರಲಿಲ್ಲ. ಒಟ್ಟು 328 ಅಂಕ ಬಿಟ್ಟುಕೊಟ್ಟಿತು. ದುರ್ಬಲವಾಗಿದ್ದ ವ್ಯಾಂಡರ್‌ಬಿಲ್ಟ್ ಕೂಡ 38 ಅಂಕ ಗಳಿಸಿತು. 2001ರ ಮಯಾಮಿ ತಂಡ ಹನ್ನೆರಡು ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಕೇವಲ 117. ಆಟದ ಎರಡೂ ಮುಖಗಳನ್ನು ತೂಗಿದರೆ ನಾನು ಮಯಾಮಿಯನ್ನೇ ಮೇಲಿಡುತ್ತೇನೆ. ನೋಡುವ ಸಂತೋಷಕ್ಕಾದರೆ ಎಲ್‌ಎಸ್‌ಯುವನ್ನು.

ಪ್ರಶ್ನೆ: ಅಷ್ಟು ಬಲಿಷ್ಠ ತಂಡ ಮರುವರ್ಷವೇ ಕುಸಿದದ್ದೇಕೆ? ಆ ಆಟಗಾರರಿಗೆ ಸಂಬಳವಿತ್ತೇ?
– ಓದುಗರೊಬ್ಬರು, ಮೈಸೂರು

ಉತ್ತರ: ಕಾಲೇಜು ತಂಡವನ್ನು ಹಿಡಿದಿಟ್ಟುಕೊಳ್ಳಲಾಗುವುದಿಲ್ಲ. 2020ರ ಏಪ್ರಿಲ್‌ನಲ್ಲಿ ವೃತ್ತಿಪರ ತಂಡಗಳು ನಡೆಸಿದ ಆಯ್ಕೆಯಲ್ಲಿ ಎಲ್‌ಎಸ್‌ಯುವಿನ 14 ಆಟಗಾರರು ಆಯ್ಕೆಯಾದರು. ಮೊಟ್ಟಮೊದಲು ಆಯ್ಕೆಯಾದವರು ಬರೋ. ಬ್ರೇಡಿ ವೃತ್ತಿಪರ ತಂಡಕ್ಕೆ ಮರಳಿದರು, ರಕ್ಷಣೆಯ ಹೊಣೆ ಹೊತ್ತಿದ್ದ ಡೇವ್ ಅರಾಂಡಾ ಬೇಲರ್ ವಿಶ್ವವಿದ್ಯಾಲಯದ ಮುಖ್ಯ ತರಬೇತುದಾರರಾದರು, ಕೊರೊನಾ ಕಾಲದಲ್ಲಿ ಚೇಸ್ ಆಡದಿರಲು ನಿರ್ಧರಿಸಿದರು. 2020ರಲ್ಲಿ ತಂಡ ಐದು ಗೆದ್ದು ಐದು ಸೋತಿತು. 2021ರ ಋತುವಿನೊಂದಿಗೆ ಓರ್ಜೆರಾನ್ ಅವರೂ ಹೊರಟರು; ಒಪ್ಪಂದದ ಪ್ರಕಾರ ಅವರಿಗೆ ಸಲ್ಲಬೇಕಿದ್ದ ಮೊತ್ತ ಸುಮಾರು 1.7 ಕೋಟಿ ಡಾಲರ್.

ಆಟಗಾರರಿಗೆ ಆಗ ಸಂಬಳವಿರಲಿಲ್ಲ. ಲಕ್ಷಕ್ಕೂ ಹೆಚ್ಚು ಆಸನಗಳ ಕ್ರೀಡಾಂಗಣ ಅವರ ಆಟಕ್ಕಾಗಿಯೇ ತುಂಬುತ್ತಿದ್ದರೂ ಅವರಿಗೆ ಸಲ್ಲುತ್ತಿದ್ದದ್ದು ಮುಖ್ಯವಾಗಿ ಬೋಧನಾ ಶುಲ್ಕ, ಊಟ, ವಸತಿ ಮತ್ತು ಕಿರುಖರ್ಚಿನ ವಿದ್ಯಾರ್ಥಿವೇತನ; ತಮ್ಮ ಹೆಸರಿನಿಂದ ಹಣ ಗಳಿಸುವುದಕ್ಕೂ ನಿಷೇಧವಿತ್ತು. ಇದು ಅನ್ಯಾಯವೆಂದೇ ನಾನು ಹೇಳುತ್ತೇನೆ. 2019ರ ಡಿಸೆಂಬರಿನಲ್ಲಿ, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಸ್ವೀಕರಿಸುವಾಗ ಬರೋ ತನ್ನ ಊರಿರುವ ಅಥೆನ್ಸ್ ಕೌಂಟಿಯ ಬಡತನವನ್ನೂ, ಮನೆಗೆ ಹೋದರೆ ಸಾಕಷ್ಟು ಊಟವಿರದ ಮಕ್ಕಳನ್ನೂ ನೆನೆದು ಕಣ್ಣೀರಿಟ್ಟರು. ಅದನ್ನು ಕೇಳಿದ ಜನ ಅಲ್ಲಿನ ಆಹಾರ ದಾಸೋಹ ಸಂಸ್ಥೆಗೆ ಐದು ಲಕ್ಷ ಡಾಲರಿಗೂ ಹೆಚ್ಚು ದೇಣಿಗೆ ಕೊಟ್ಟರು. ಒಬ್ಬ ವಿದ್ಯಾರ್ಥಿಯ ಮಾತಿಗೆ ಅಷ್ಟು ಬೆಲೆಯಿತ್ತು, ಆದರೆ ಆ ಹೆಸರಿನ ಬೆಲೆಯಲ್ಲಿ ಒಂದು ಡಾಲರನ್ನೂ ತನಗಾಗಿ ಪಡೆಯುವ ಹಕ್ಕು ಅವನಿಗಿರಲಿಲ್ಲ. ಹೆಸರು ಮತ್ತು ಭಾವಚಿತ್ರದ ಬಳಕೆಯಿಂದ ಗಳಿಸಲು 2021ರ ಜುಲೈನಿಂದ ಅನುಮತಿ ದೊರೆಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿ ಒಪ್ಪಂದದ ಪ್ರಕಾರ ಕಾಲೇಜುಗಳು ಈಗ ಆಟಗಾರರಿಗೆ ನೇರವಾಗಿಯೇ ಹಣ ಕೊಡಬಹುದು. 2016ರಿಂದೀಚೆಗೆ ಆಡಿದವರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರವೂ ನಿಗದಿಯಾಗಿದ್ದು, 2019ರ ಆಟಗಾರರ ಕಾಲವೂ ಅದರ ವ್ಯಾಪ್ತಿಯೊಳಗೇ ಬರುತ್ತದೆ.