ಆಸ್ಪತ್ರೆಯಲ್ಲಿ ಹೆರಿಗೆ ನಿಜವಾಗಿ ಹೇಗಿರುತ್ತದೆ? ಚೊಚ್ಚಲ ಹೆರಿಗೆ, ತುಂಬಾ ಭಯ ಆಗುತ್ತಿದೆ

ಎಂಟು ತಿಂಗಳು ತುಂಬಿದೆ, ಲೇಬರ್ ವಾರ್ಡಿನೊಳಗೆ ಏನೇನಾಗುತ್ತದೆ, ನೋವು ತಡೆಯಲು ಆಗಲ್ಲ ಅನ್ನಿಸಿದರೆ ಮೊದಲೇ ಸಿಸೇರಿಯನ್ ಕೇಳಿಬಿಡಲಾ ಅಂತ ಕೇಳಿದ್ದೀರಿ. ನನಗೆ ಹಾಸನ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾರ್ಮಲ್ ಹೆರಿಗೆ ಆಯಿತು. ನೋವು ಏನೂ ಅಲ್ಲ ಅಂತ ಸುಳ್ಳು ಹೇಳುವುದಿಲ್ಲ. ಅಂಥ ನೋವು ಅದಕ್ಕೆ ಮೊದಲು ಕಂಡಿರಲಿಲ್ಲ. ಆದರೆ ಅಮ್ಮ ಪಕ್ಕದಲ್ಲಿ ಇಲ್ಲದಾಗಿನ ನೋವೇ ಬೇರೆ, ಅವಳು ಬಂದ ಮೇಲಿನ ನೋವೇ ಬೇರೆ. ನಿಮಗೆ ಮುಖ್ಯವಾಗಿ ಹೇಳಬೇಕಾದ್ದು ಇದೇ.

ನೋವು ಸಿನಿಮಾದಲ್ಲಿ ತೋರಿಸುವ ಹಾಗೆ ಒಂದೇ ಸಲ ಬರುವುದಿಲ್ಲ. ನನಗೆ ರಾತ್ರಿ ಊಟ ಆದ ಮೇಲೆ ಸುಮ್ನೆ ಸೊಂಟ ಹಿಡಿದ ಹಾಗೆ ಆಯಿತು. ಅಜ್ಜಿ ಜೀರಿಗೆ ಕಷಾಯ ಮಾಡಿಕೊಟ್ಟರು. ಸುಳ್ಳು ನೋವಾದರೆ ನಿಂತುಹೋಗುತ್ತದೆ, ನಿಜವಾದದ್ದಾದರೆ ಜೋರಾಗುತ್ತದೆ ಅನ್ನುವುದು ನಮ್ಮ ಕಡೆಯ ಲೆಕ್ಕ. ನಿಲ್ಲಲಿಲ್ಲ. ಬಿಟ್ಟು ಬಿಟ್ಟು ಬರುತ್ತಿದ್ದದ್ದು ಹತ್ತಿರ ಹತ್ತಿರ ಆಯಿತು. ನೋವು ಬಂದಾಗ ಹೊಟ್ಟೆ ಪೂರ್ತಿ ಬಿಗಿದು ಕಲ್ಲಾಗುತ್ತಿತ್ತು, ಹೋದ ಮೇಲೆ ಮತ್ತೆ ಮೆತ್ತಗೆ. ಹೀಗೆ ಲೆಕ್ಕ ತಪ್ಪದೆ ಬಂದು ಜಾಸ್ತಿಯಾಗುತ್ತಾ ಹೋದರೆ ಅದೇ ಹೆರಿಗೆ ನೋವು. ಆದರೆ ಮಗುವಿನ ಸುತ್ತಲಿನ ನೀರು ಹೋದರೆ, ರಕ್ತ ಕಂಡರೆ, ಮಗುವಿನ ಓಡಾಟ ಕಮ್ಮಿ ಅನ್ನಿಸಿದರೆ ಕಷಾಯ ಗಿಷಾಯ ಅಂತ ಕೂರಬೇಡಿ. ನೋವು ಇರಲಿ ಇಲ್ಲದಿರಲಿ, ತಕ್ಷಣ ಹೊರಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು ಎಲ್ಲ ಒಂದೇ ಚೀಲದಲ್ಲಿ ಇಟ್ಟಿರಿ.

ಆಸ್ಪತ್ರೆಗೆ ಹೋದಾಗ ಸಿಸ್ಟರ್ ಒಳಗೆ ಕೈ ಹಾಕಿ ಪರೀಕ್ಷೆ ಮಾಡಿ, "ಈಗಿನ್ನೂ ಮೂರೇ ಸೆಂಟಿಮೀಟರ್ ತೆರೆದಿದೆ" ಅಂದರು. ಗರ್ಭಕೋಶದ ಬಾಯಿ 10 ಸೆಂಟಿಮೀಟರ್ ತೆರೆಯಬೇಕು. ಈ ಮೊದಲ ಭಾಗ ಎಷ್ಟು ಹೊತ್ತು ಎಳೆಯುತ್ತದೆ ಅಂತ ಯಾರೂ ಹೇಳಲು ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದ ಪ್ರಕಾರ 5 ಸೆಂಟಿಮೀಟರ್ ಆದ ಮೇಲೆಯೇ ಜೋರು ಹಂತ. ಅಲ್ಲಿಂದ ಬಾಯಿ ಪೂರ್ತಿ ತೆರೆಯಲು ಚೊಚ್ಚಲಿಗೆ ಸಾಮಾನ್ಯವಾಗಿ 12 ಗಂಟೆ ದಾಟುವುದಿಲ್ಲ. ಇದು ಗೊತ್ತಿದ್ದರೆ "ಇಷ್ಟು ಹೊತ್ತಾದರೂ ಆಗಲಿಲ್ಲ, ಏನೋ ತೊಂದರೆ ಆಗಿದೆ" ಅನ್ನುವ ದಿಗಿಲು ಅರ್ಧ ಕಮ್ಮಿ ಆಗುತ್ತದೆ.

ಅಮ್ಮನನ್ನು ಬಾಗಿಲ ಹೊರಗೇ ನಿಲ್ಲಿಸಿದರು. ಒಳಗೆ ಬೇರೆ ಬೇರೆ ಮಂಚದಲ್ಲಿ ಬೇರೆ ಹೆಂಗಸರು. ಒಬ್ಬಳು ಜೋರಾಗಿ ಕೂಗಿಕೊಂಡಳು. "ಇಷ್ಟಕ್ಕೇ ಹೀಗೆ ಕೂಗಿದರೆ ಹೇಗೆ?" ಅಂತ ಅಲ್ಲಿದ್ದವರೊಬ್ಬರು ಗದರಿದರು. ಅದನ್ನು ಕೇಳಿ ನಾನು ಬಾಯಿಗೆ ಸೆರಗು ತುರುಕಿಕೊಂಡೆ. ಇವತ್ತಿಗೂ ಆ ಮಾತು ನೆನೆದರೆ ಹೊಟ್ಟೆ ಉರಿಯುತ್ತದೆ. ನೋವಿನಲ್ಲಿರುವ ಬಸುರಿಯನ್ನು ಗದರುವ ಹಕ್ಕು ಯಾರಿಗೂ ಇಲ್ಲ. ಕೂಗಬೇಕು ಅನ್ನಿಸಿದರೆ ಕೂಗಿ, ನಾಚಿಕೊಳ್ಳಬೇಡಿ.

ಬೆಳಗ್ಗೆ ಡ್ಯೂಟಿ ಬದಲಾಯಿತು. ಹೊಸದಾಗಿ ಬಂದ ಸಿಸ್ಟರ್ ವಯಸ್ಸಾದವರು. ನನ್ನ ಮುಖ ನೋಡಿ, "ಯಾರಮ್ಮ ನಿನ್ನ ಜೊತೆ ಬಂದಿರೋದು?" ಅಂತ ಕೇಳಿ ತಾವೇ ಹೋಗಿ ಅಮ್ಮನನ್ನು ಕರೆತಂದರು. ಅಮ್ಮ ಬಂದವಳೇ ನನ್ನನ್ನು ಎಡಕ್ಕೆ ಮಗ್ಗುಲಾಗಿ ಮಲಗಿಸಿ, ಅಂಗೈ ಬುಡದಿಂದ ಸೊಂಟದ ಕೆಳಗಿನ ಮೂಳೆಯನ್ನು ಒತ್ತಿ ಹಿಡಿದಳು. ನೋವು ಏರುವಾಗ ಒತ್ತುವುದು, ಇಳಿದಾಗ ಕೈ ಸಡಿಲಿಸಿ ನೀವುವುದು. "ಬಂತು ಮಗಾ, ಹೋಗುತ್ತೆ, ಉಸಿರು ಬಿಡು" ಅಷ್ಟೇ ಮಾತು. ನೋವು ಕಮ್ಮಿಯೇನೂ ಆಗಲಿಲ್ಲ, ಆದರೆ ತಡೆದುಕೊಳ್ಳುವ ಧೈರ್ಯ ಬಂತು. ಎರಡು ನೋವಿನ ನಡುವೆ ಕಣ್ಣು ಹತ್ತಿ ಒಂದು ನಿಮಿಷ ನಿದ್ದೆಯನ್ನೂ ಮಾಡಿದೆ!

ಇದು ಯಾರೋ ಮಾಡುವ ಉಪಕಾರ ಅಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಹೊತ್ತಿಗೆ ಬಸುರಿಯ ಜೊತೆ ಮನೆಯ ಹೆಂಗಸೊಬ್ಬರು ಇರಬಹುದು ಅಂತ ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. ಮರೆಯಾಗಿ ಬೇರೆ ಜಾಗ ಇರುವ ಕಡೆ ಗಂಡನನ್ನೂ ಬಿಡಬಹುದು. ಖಾಸಗಿಯಲ್ಲಿ ಒಂದೊಂದು ಆಸ್ಪತ್ರೆಗೆ ಒಂದೊಂದು ನಿಯಮ. ಹೆರಿಗೆ ದಿನ ಜಗಳ ಆಡುವ ಸ್ಥಿತಿಯಲ್ಲಿ ನೀವು ಇರುವುದಿಲ್ಲ, ಅದಕ್ಕೇ ಈಗಲೇ ಕೇಳಿ ಇಟ್ಟುಕೊಳ್ಳಿ. ಜೊತೆಗೆ ಬರುವವರು ಹೆತ್ತು ಅನುಭವ ಇರುವವರಾದರೆ ಒಳ್ಳೆಯದು. ಗಾಬರಿ ಬಿದ್ದು ಅಳುವವರು ಬೇಡ.

ಕೊನೆಗೆ ನೋವಿನ ರೀತಿಯೇ ಬದಲಾಯಿತು. ಕಕ್ಕಸಿಗೆ ಅವಸರವಾದ ಹಾಗೆ ಕೆಳಗೆ ಒತ್ತಡ. ಇದನ್ನು ಹೇಳಲು ತುಂಬಾ ಜನ ನಾಚುತ್ತಾರೆ. ನಾಚಬೇಡಿ, ಕೂಡಲೇ ಸಿಸ್ಟರಿಗೆ ಹೇಳಿ, ಮಗು ಕೆಳಗೆ ಇಳಿದಿದೆ ಅಂತ ಅರ್ಥ. ಮುಕ್ಕುವಾಗ, ಅಂದರೆ ಕೆಳಕ್ಕೆ ಬಲ ಹಾಕುವಾಗ, ಸ್ವಲ್ಪ ಮಲ ಹೊರಗೆ ಹೋಗಿಯೂ ಬಿಡಬಹುದು, ಅವರಿಗೆ ಅದು ದಿನವೂ ನೋಡುವ ವಿಷಯ. ಗರ್ಭಕೋಶದ ಬಾಯಿ ಪೂರ್ತಿ ತೆರೆಯುವ ಮೊದಲು ಮುಕ್ಕಬಾರದು, ಅವರು ಹೇಳಿದಾಗಲೇ ಮುಕ್ಕಿ. ತಲೆ ಬರುವಾಗ ಬೆಂಕಿ ಇಟ್ಟ ಹಾಗೆ ಉರಿ. ಆಮೇಲೆ ಜಾರಿಕೊಂಡು ಬಿಸಿಬಿಸಿಯಾಗಿ ಮಗು ಹೊರಗೆ. ಮೈಮೇಲೆ ಬೆಣ್ಣೆ ಸವರಿದಂತಿದ್ದ ಮಗಳನ್ನು ಹಾಗೇ ನನ್ನ ಹೊಟ್ಟೆ ಮೇಲೆ ಮಲಗಿಸಿ ಬಟ್ಟೆ ಹೊದಿಸಿದರು.

ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ತೊಡೆಗೆ ಒಂದು ಇಂಜೆಕ್ಷನ್, ಆಮೇಲೆ ಮಾಸು, ಅಂದರೆ ಪ್ಲಸೆಂಟಾ, ಬೀಳುತ್ತದೆ. ರಕ್ತ ನಿಲ್ಲಲಿ ಅಂತ ಹೊಟ್ಟೆ ಒತ್ತಿ ನೋಡುತ್ತಾರೆ, ಅದೂ ನೋವೇ. ನನಗೆ ಹೊಲಿಗೆ ಬಿದ್ದವು. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಹಾಕುತ್ತಾರೆ. ಮರಗಟ್ಟಿಲ್ಲ ಅನ್ನಿಸಿದರೆ ಬಾಯಿಬಿಟ್ಟು ಹೇಳಿ. ಕೈಕಾಲು ಗಡಗಡ ನಡುಗಿದಾಗ ಹೆದರಿಹೋದೆ. ಹೆರಿಗೆ ಆದ ಮೇಲೆ ಎಷ್ಟೋ ಜನಕ್ಕೆ ಹೀಗೆ ನಡುಕ ಬರುತ್ತದಂತೆ, ಕಂಬಳಿ ಹೊದಿಸಿದರು, ಹೋಯಿತು. ಒಂದು ಗಂಟೆಯೊಳಗೆ ಮಗುವಿಗೆ ಮೊದಲ ಹಾಲು ಕುಡಿಸಲು ಹೇಳಿ. ಹಳದಿಯಾಗಿ ಗಟ್ಟಿ ಇರುವ ಆ ಹಾಲನ್ನು ಹಿಂಡಿ ಚೆಲ್ಲು ಅಂತ ಯಾರಾದರೂ ಹಿರಿಯರು ಹೇಳಿದರೆ ಒಪ್ಪಬೇಡಿ. ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸುವುದೂ ಬೇಡ. ವಾರ್ಡಿಗೆ ಹೋದ ಮೇಲೆ ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆಂದುಹೋದರೆ, ತಲೆ ಸುತ್ತಿದರೆ, ತಡಮಾಡದೆ ಸಿಸ್ಟರನ್ನು ಕರೆಯಿರಿ. ಇದನ್ನು ನಿಮ್ಮ ಜೊತೆ ಇರುವವರಿಗೂ ಹೇಳಿಟ್ಟಿರಿ.

ಇನ್ನು ಸಿಸೇರಿಯನ್ ವಿಷಯ. ನಮ್ಮ ನಾದಿನಿಗೆ ನೋವು ಬಂದ ಮೇಲೆ ಮಗುವಿನ ಎದೆಬಡಿತ ಇಳಿಯಿತು ಅಂತ ತುರ್ತಾಗಿ ಮಾಡಿದರು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಹಾಗೆ ಬೇಕಾಗಿ ಬಂದರೆ ಒಂದು ಕ್ಷಣವೂ ಬೇಸರ ಮಾಡಿಕೊಳ್ಳಬೇಡಿ, ಅದೂ ಹೆರಿಗೆಯೇ. ಆದರೆ ಬರೀ ನೋವಿಗೆ ಹೆದರಿ ಕೇಳುವ ಮೊದಲು ಯೋಚಿಸಿ. ಅದು ಹೊಟ್ಟೆ ಕೊಯ್ಯುವ ಆಪರೇಷನ್. ಅವಳಿಗೆ ಹೆರಿಗೆ ಆದ ಮೇಲೆ ಮಗ್ಗುಲು ಬದಲಿಸುವುದೂ ಕಷ್ಟವಾಗಿತ್ತು, ಮಗು ಎತ್ತಿಕೊಳ್ಳಲು ಇನ್ನೊಬ್ಬರು ಬೇಕಿತ್ತು. ನೋವಿನದೇ ಚಿಂತೆ ಆದರೆ ಬೆನ್ನಿಗೆ ಕೊಡುವ ಎಪಿಡ್ಯೂರಲ್ ಇಂಜೆಕ್ಷನ್ ನಿಮ್ಮ ಆಸ್ಪತ್ರೆಯಲ್ಲಿ ಇದೆಯಾ, ರಾತ್ರಿ ಹೊತ್ತು ಅರಿವಳಿಕೆ ಡಾಕ್ಟರ್ ಇರುತ್ತಾರಾ ಅಂತ ಮುಂದಿನ ಚೆಕಪ್‌ಗೆ ಹೋದಾಗ ಕೇಳಿ. ಜೊತೆಗೆ ಯಾರನ್ನು ಒಳಗೆ ಬಿಡುತ್ತಾರೆ ಅನ್ನುವುದನ್ನೂ ಅವತ್ತೇ ಕೇಳಿಕೊಂಡು ಬನ್ನಿ. ಬೇರೆ ಏನಾದರೂ ಅನುಮಾನ ಇದ್ದರೆ ಇಲ್ಲೇ ಬರೆಯಿರಿ, ಸಣ್ಣ ವಿಷಯ ಆದರೂ ಪರವಾಗಿಲ್ಲ, ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.